ಮೂರು ಚದರ ಮೀಟರ್: ಯುರೋಪಿನ ಕಿರಿಯ ನ್ಯಾಯಾಧೀಶರ, ಪೊಲೀಸರ, ವಕೀಲರ ತರಬೇತಿ ಕುರಿತು



ಸ್ಪೇನಿನ ಒಂದು ಸಣ್ಣ ಊರಿನಲ್ಲಿ ದರೋಡೆ ನಡೆಯಿತೆನ್ನಿ. ಆರೋಪಿ ಎರಡು ವರ್ಷ ತಲೆಮರೆಸಿಕೊಂಡು, ಕೊನೆಗೆ ಉತ್ತರ ಜರ್ಮನಿಯ ಬ್ರೆಮೆನ್‌ನಲ್ಲಿ ಮಾಮೂಲಿ ವಾಹನ ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾನೆ. ಪೊಲೀಸ್ ಪೇದೆ ಅವನ ಹೆಸರನ್ನು ಕಂಪ್ಯೂಟರಿಗೆ ಹಾಕುತ್ತಲೇ ಸ್ಪೇನಿನ ವಾರಂಟ್ ಬಾಕಿ ಇದೆಯೆಂದು ಪರದೆ ಹೇಳುತ್ತದೆ. ಮರುದಿನ ಅವನನ್ನು ಸ್ಥಳೀಯ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ವಾರಂಟ್ ಬರೆದ ಸ್ಪೇನಿನ ನ್ಯಾಯಾಧೀಶೆಗೆ ಮೂವತ್ತರ ಆಸುಪಾಸು, ಅದು ಆಕೆಯ ಮೊದಲ ಪೋಸ್ಟಿಂಗ್. ಈ ಕಡೆಯವರಿಗೂ ಹೆಚ್ಚುಕಡಿಮೆ ಅದೇ ಪ್ರಾಯ. ಒಬ್ಬರ ಮುಖ ಇನ್ನೊಬ್ಬರು ಕಂಡಿಲ್ಲ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಕಾನೂನು ಹೇಳುವುದು ಇಷ್ಟು: ಆಕೆಯ ಸಹಿಯನ್ನು ನಿಮ್ಮದೇ ದೇಶದ ಸಹೋದ್ಯೋಗಿಯ ಸಹಿಯಂತೆ ಕಂಡು ಮನುಷ್ಯನನ್ನು ಕಳುಹಿಸಿಕೊಡಿ.

ಐರೋಪ್ಯ ಒಕ್ಕೂಟದ ನ್ಯಾಯ ಮತ್ತು ಭದ್ರತಾ ನೀತಿಯ ಬುಡದಲ್ಲಿರುವುದು ಈ ಒಂದು ಆದೇಶ. ಅಲ್ಲಿನವರು ಇದನ್ನು ಪರಸ್ಪರ ಮಾನ್ಯತೆ ಎನ್ನುತ್ತಾರೆ. ಅದಕ್ಕೆ ಆಧಾರ ಪರಸ್ಪರ ನಂಬಿಕೆ. ನಂಬಿಕೆ ಇರತಕ್ಕದ್ದು ಎಂದು ಕಾನೂನಿನಲ್ಲಿ ಬರೆದುಬಿಡಬಹುದು. ಬರೆದ ಮಾತ್ರಕ್ಕೆ ಅದು ಹುಟ್ಟುವುದಿಲ್ಲ. ಹಾಗಾಗಿ ಕಳೆದ ಇಪ್ಪತ್ತೈದು ವರ್ಷಗಳಿಂದ ಯುರೋಪು ತನ್ನ ಕಿರಿಯ ನ್ಯಾಯಾಧೀಶರನ್ನು, ಪ್ರಾಸಿಕ್ಯೂಟರುಗಳನ್ನು, ಪೊಲೀಸರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುತ್ತ ಬಂದಿದೆ. ಆ ಕಲಿಕೆ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಜೊಳ್ಳು, ಯಾರನ್ನು ಹೊರಗೇ ನಿಲ್ಲಿಸಿದೆ ಎಂಬುದು ನನ್ನ ಇಂದಿನ ವಿಷಯ. ನಂಬುವುದನ್ನು ಕಲಿಸಲು ಹೊರಟ ಈ ಶಾಲೆಗಳು ಅನುಮಾನಿಸುವುದನ್ನು ಕಲಿಸಿದಾಗಲೇ ಚೆನ್ನಾಗಿ ಕೆಲಸ ಮಾಡಿವೆ ಎಂಬುದು ನನ್ನ ವಾದ.

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. 1957ರ ರೋಮ್ ಒಪ್ಪಂದದಲ್ಲಿ ಗೋಧಿ, ಸುಂಕಗಳ ಮಾತಿತ್ತು, ಕಳ್ಳರದ್ದಿರಲಿಲ್ಲ. ಎಪ್ಪತ್ತರ ದಶಕದ ಭಯೋತ್ಪಾದನೆ ಗೃಹ ಮಂತ್ರಿಗಳನ್ನು ಟ್ರೆವಿ ಎಂಬ ಕೂಟದಲ್ಲಿ ಗುಟ್ಟಾಗಿ ಸೇರುವಂತೆ ಮಾಡಿತು. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಬಳಿ, ಮೋಸೆಲ್ ನದಿಯಲ್ಲಿ ನಿಂತ ಹಡಗೊಂದರ ಮೇಲೆ ಐದು ದೇಶಗಳು ಗಡಿ ತಪಾಸಣೆ ಕೈಬಿಡಲು ಸಹಿ ಹಾಕಿದವು. ಅದು ಜಾರಿಗೆ ಬಂದದ್ದು ಹತ್ತು ವರ್ಷ ತಡವಾಗಿ, 1995ರ ಮಾರ್ಚ್‌ನಲ್ಲಿ. ಗಡಿ ತೆಗೆದರೆ ಪ್ರವಾಸಿಗೆ ಎಷ್ಟು ಅನುಕೂಲವೋ ಪರಾರಿಯಾದವನಿಗೂ ಅಷ್ಟೇ. ಪೊಲೀಸರ ಅಧಿಕಾರ ಮಾತ್ರ ಹಳೆಯ ಗಡಿಯಲ್ಲೇ ನಿಂತುಬಿಡುತ್ತದೆ. 1999ರ ಅಕ್ಟೋಬರ್‌ನಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿ ಸೇರಿದ ನಾಯಕರು ಇದಕ್ಕೊಂದು ಸೂತ್ರ ಹುಡುಕಿದರು. ಎಲ್ಲ ದೇಶಗಳ ಕಾನೂನನ್ನು ಒಂದೇ ಮಾಡುವುದು ಆಗದ ಮಾತು. ಬದಲಿಗೆ ಒಬ್ಬರ ತೀರ್ಪನ್ನು ಇನ್ನೊಬ್ಬರು ಮಾನ್ಯ ಮಾಡಲಿ ಎಂದರು. ಪ್ರಾಸಿಕ್ಯೂಟರುಗಳಿಗಾಗಿ ಯೂರೋಜಸ್ಟ್, ಹಿರಿಯ ಪೊಲೀಸ್ ಅಧಿಕಾರಿಗಳಿಗಾಗಿ ಐರೋಪ್ಯ ಪೊಲೀಸ್ ಕಾಲೇಜು, ಎರಡೂ ಬೇಕೆಂದು ಅಲ್ಲೇ ತೀರ್ಮಾನವಾಯಿತು. ನಿಧಾನಗತಿಯಲ್ಲಿ ಸಾಗಬೇಕಿದ್ದ ಈ ಕೆಲಸಕ್ಕೆ ನ್ಯೂಯಾರ್ಕಿನ ಅವಳಿ ಗೋಪುರಗಳ ಪತನ ಓಟ ಕಲಿಸಿತು. ದಾಳಿಯಾದ ಎಂಟೇ ದಿನಕ್ಕೆ, 2001ರ ಸೆಪ್ಟೆಂಬರ್ 19ರಂದು, ಐರೋಪ್ಯ ಆಯೋಗ ಬಂಧನ ವಾರಂಟಿನ ಕರಡನ್ನು ಮೇಜಿನ ಮೇಲಿಟ್ಟಿತು. 2002ರ ಜೂನ್‌ನಲ್ಲಿ ಅದು ಅಂಗೀಕಾರವಾಗಿ 2004ರ ಜನವರಿ 1ರಿಂದ ಜಾರಿಗೆ ಬಂತು.

ಅದಕ್ಕೆ ಮುಂಚೆ ಹೇಗಿತ್ತು? 1995ರ ಪ್ಯಾರಿಸ್ ರೈಲು ಬಾಂಬ್ ಪ್ರಕರಣದಲ್ಲಿ ಫ್ರಾನ್ಸಿಗೆ ಬೇಕಾಗಿದ್ದ ರಶೀದ್ ರಮ್ದಾ ಅದೇ ವರ್ಷ ಬ್ರಿಟನ್ನಿನಲ್ಲಿ ಸೆರೆಸಿಕ್ಕಿದ. ಅವನು ಪ್ಯಾರಿಸ್ ತಲುಪಿದ್ದು 2005ರ ಡಿಸೆಂಬರ್‌ನಲ್ಲಿ. ನಡುವಿನ ಹತ್ತು ವರ್ಷ ಅರ್ಜಿ, ಮೇಲ್ಮನವಿ, ಮಂತ್ರಿಯ ಮೇಜು ಎಂದು ಅಲೆಯಿತು. ಹೊಸ ವ್ಯವಸ್ಥೆ ಮಂತ್ರಿಯನ್ನು ದಾರಿಯಿಂದ ಎಬ್ಬಿಸಿತು. ನ್ಯಾಯಾಧೀಶರಿಂದ ನ್ಯಾಯಾಧೀಶರಿಗೆ ನೇರ ಪತ್ರ. ಆರೋಪಿ ಒಪ್ಪಿದರೆ ಹತ್ತು ದಿನದಲ್ಲಿ, ಒಪ್ಪದಿದ್ದರೆ ಅರವತ್ತು ದಿನದಲ್ಲಿ ತೀರ್ಮಾನ ಆಗಬೇಕೆಂದು ಗಡುವು ಬಂತು. ಭಯೋತ್ಪಾದನೆ, ಮಾನವ ಕಳ್ಳಸಾಗಣೆ, ವಂಚನೆ ಮುಂತಾದ 32 ಬಗೆಯ ಅಪರಾಧಗಳಲ್ಲಿ, ಗರಿಷ್ಠ ಶಿಕ್ಷೆ ಮೂರು ವರ್ಷಕ್ಕಿಂತ ಕಡಿಮೆಯಿಲ್ಲದಿದ್ದರೆ, ನಮ್ಮಲ್ಲೂ ಇದು ಅಪರಾಧವೇ ಎಂದು ಕೇಳುವ ಹಕ್ಕೂ ಹೋಯಿತು.

ಮಂತ್ರಿ ಎದ್ದುಹೋದ ಕುರ್ಚಿಯಲ್ಲಿ ಈಗ ಕೂತಿರುವವರು ಈ ಮೂವತ್ತರ ಪ್ರಾಯದವರು. ಇದು ಅಷ್ಟು ಚಿಕ್ಕ ಬದಲಾವಣೆಯೇನಲ್ಲ. ಖಂಡದ ಬಹುತೇಕ ದೇಶಗಳಲ್ಲಿ ನ್ಯಾಯಾಧೀಶರಾಗುವುದು ವಕೀಲಿಕೆ ಮಾಡಿ ಕೂದಲು ನರೆತ ಮೇಲಲ್ಲ. ಫ್ರಾನ್ಸಿನಲ್ಲಿ ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆ ಗೆದ್ದವರು ಬೋರ್ಡೋ ನಗರದ ರಾಷ್ಟ್ರೀಯ ನ್ಯಾಯಾಂಗ ಶಾಲೆ ಸೇರುತ್ತಾರೆ. 31 ತಿಂಗಳ ತರಬೇತಿ, ಆಮೇಲೆ ನೇರ ಪೀಠ. ಸ್ಪೇನಿನವರು ಬಾರ್ಸಿಲೋನಾಕ್ಕೆ, ಪೋರ್ಚುಗೀಸರು ಲಿಸ್ಬನ್ನಿಗೆ, ರೊಮೇನಿಯಾದವರು ಬುಕಾರೆಸ್ಟಿಗೆ ಹೋಗುತ್ತಾರೆ. ಜರ್ಮನಿಯಲ್ಲಿ ಅಂಥ ಒಂದು ಶಾಲೆಯಿಲ್ಲ. ಎರಡು ಸರ್ಕಾರಿ ಪರೀಕ್ಷೆಗಳ ನಡುವೆ ಎರಡು ವರ್ಷ ಕೋರ್ಟು, ಪ್ರಾಸಿಕ್ಯೂಟರ್ ಕಚೇರಿ, ವಕೀಲರ ಕಚೇರಿಗಳಲ್ಲಿ ಸುತ್ತಾಡಿ ಕಲಿಯಬೇಕು. ನಮ್ಮ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಸಿವಿಲ್ ನ್ಯಾಯಾಧೀಶರಾಗಲು ಮೂರು ವರ್ಷದ ವಕೀಲಿಕೆಯನ್ನು ಮತ್ತೆ ಕಡ್ಡಾಯ ಮಾಡಿದಾಗ ಇಲ್ಲಿ ನಡೆದ ಚರ್ಚೆ ನಿಮಗೆ ನೆನಪಿರಬಹುದು. ಯುರೋಪಿನವರು ಅದೇ ಕೊರತೆಯನ್ನು ತರಬೇತಿಯಿಂದ ತುಂಬಲು ನೋಡುತ್ತಾರೆ.

ಬೋರ್ಡೋದ ಶಾಲೆಯ ಬಗ್ಗೆ ಒಂದು ಮಾತು. ಅದರ ಆವರಣದಲ್ಲಿ ಹಳೆಯ ಹಾ ಕೋಟೆಯ ಬುರುಜುಗಳು ಇನ್ನೂ ನಿಂತಿವೆ. ಆ ಕೋಟೆ ಬಹುಕಾಲ ಸೆರೆಮನೆಯಾಗಿತ್ತು. ಅಲ್ಲಿನ ತರಬೇತಿಯ ಕ್ರಮದಲ್ಲಿ ಜೈಲಿನೊಳಗೆ ಕೆಲಸ ಮಾಡುವ ಅವಧಿಯೂ ಉಂಟು. ಶಿಕ್ಷೆ ಬರೆಯುವ ಕೈ ಮೊದಲು ಸೆಲ್ಲಿನ ಬೀಗ ಮುಟ್ಟಲಿ ಎಂಬ ಆಲೋಚನೆ ನನಗೆ ಬಹಳ ಹಿಡಿಸಿದ್ದು. ಇದು ಯಾಕೆ ಮುಖ್ಯ ಎಂಬುದು ಮುಂದೆ ಬರುತ್ತದೆ.

ಈ ಎಲ್ಲ ರಾಷ್ಟ್ರೀಯ ಶಾಲೆಗಳು ಸೇರಿ 2000ದಲ್ಲಿ ಐರೋಪ್ಯ ನ್ಯಾಯಾಂಗ ತರಬೇತಿ ಜಾಲವನ್ನು ಕಟ್ಟಿಕೊಂಡವು. ಅದರ ಕಚೇರಿ ಬ್ರಸೆಲ್ಸ್‌ನಲ್ಲಿದೆ. ಕಿರಿಯರಿಗಾಗಿ ಅದು ನಡೆಸುವ ಎರಡು ಕಾರ್ಯಕ್ರಮಗಳು ಮುಖ್ಯವಾದವು. ಒಂದು ಅಯಾಕೋಸ್: ಈಗಷ್ಟೇ ನೇಮಕವಾದವರು ಇನ್ನೊಂದು ದೇಶದ ಕೋರ್ಟುಗಳಲ್ಲಿ ಸುಮಾರು ಒಂದು ವಾರ ಕಳೆಯುವುದು. ಇನ್ನೊಂದು ಥೆಮಿಸ್: ಮೂವರ ತಂಡ ಪ್ರಬಂಧ ಬರೆದು, ತೀರ್ಪುಗಾರರ ಮುಂದೆ ಮಂಡಿಸಿ, ಅವರ ಪ್ರಶ್ನೆಗಳಿಗೆ ಎದೆಗೊಡುವ ಸ್ಪರ್ಧೆ. ಅಯಾಕೋಸ್ ಗ್ರೀಕರ ಪುರಾಣದಲ್ಲಿ ಸತ್ತವರ ಲೋಕದ ನ್ಯಾಯಾಧೀಶ. ಹೊಸದಾಗಿ ಕೆಲಸಕ್ಕೆ ಸೇರಿದವರ ವಿನಿಮಯಕ್ಕೆ ಆ ಹೆಸರೇ ಯಾಕೆ ಬೇಕಿತ್ತೋ, ಇಟ್ಟವರನ್ನೇ ಕೇಳಬೇಕು. ಒಂದು ವಾರದಲ್ಲಿ ಏನು ಕಲಿಯಬಹುದು ಎಂದರೆ, ಕಾನೂನನ್ನಂತೂ ಅಲ್ಲ. ಅಲ್ಲಿನ ಕೋರ್ಟಿನಲ್ಲಿ ಆರೋಪಿ ಎಲ್ಲಿ ಕೂರುತ್ತಾನೆ, ಗಾಜಿನ ಪೆಟ್ಟಿಗೆಯೊಳಗೋ ವಕೀಲರ ಪಕ್ಕದಲ್ಲೋ. ಪ್ರಾಸಿಕ್ಯೂಟರ್ ಪೀಠದ ಎತ್ತರದಲ್ಲಿದ್ದಾರೋ ಕೆಳಗೋ. ದುಭಾಷಿ ಮಧ್ಯಾಹ್ನದ ಹೊತ್ತಿಗೆ ಸುಸ್ತಾದಾಗ ಯಾರಾದರೂ ಗಮನಿಸುತ್ತಾರೋ ಇಲ್ಲವೋ. ಇಂಥದ್ದು ಯಾವ ಕೈಪಿಡಿಯಲ್ಲೂ ಇರದು. ವಾರಂಟ್ ಕೈಗೆ ಬಂದ ದಿನ ಉಪಯೋಗಕ್ಕೆ ಬರುವುದು ಇದೇ.

ಇನ್ನು ವಾರಂಟ್. ಅದು ಎಲ್ಲ ದೇಶಗಳಿಗೂ ಒಂದೇ ನಮೂನೆಯ ಫಾರಂ, ಒಂಬತ್ತು ಭಾಗಗಳು. ಮೊದಲ ಭಾಗದಲ್ಲಿ ಆರೋಪಿಯ ಗುರುತು. ಎರಡನೆಯದರಲ್ಲಿ ಈ ವಾರಂಟಿಗೆ ಆಧಾರವಾದ ದೇಶೀಯ ಆದೇಶ ಯಾವುದು ಎಂಬ ವಿವರ. ಆಮೇಲೆ ಶಿಕ್ಷೆಯ ಅವಧಿ, ಆರೋಪಿಯ ಗೈರುಹಾಜರಿಯಲ್ಲಿ ತೀರ್ಪು ಬಂದಿದ್ದರೆ ಅದರ ವಿವರ. ಐದನೆಯ ಭಾಗವೇ ಹೃದಯ: ಅಪರಾಧ ಎಲ್ಲಿ, ಯಾವಾಗ, ಹೇಗೆ ನಡೆಯಿತು, ಇವನ ಪಾತ್ರವೇನು, ಕೆಳಗೆ ಆ 32 ಅಪರಾಧಗಳ ಪಟ್ಟಿ, ಪ್ರತಿಯೊಂದರ ಮುಂದೆ ಒಂದು ಖಾಲಿ ಚೌಕ. ಕೊನೆಗೆ ಸಹಿ ಮಾಡಿದ ನ್ಯಾಯಾಂಗ ಅಧಿಕಾರಿಯ ವಿಳಾಸ. ಇಷ್ಟನ್ನು ಕಳುಹಿಸಬೇಕಾದ ದೇಶ ಒಪ್ಪುವ ಭಾಷೆಗೆ ಅನುವಾದಿಸಿ ಕೊಡಬೇಕು.

ತರಬೇತಿಯ ಶಿಬಿರಗಳಲ್ಲಿ ಈ ಫಾರಮನ್ನು ಆಟದಂತೆ ಆಡಿಸುತ್ತಾರೆ. ಒಂದು ತಂಡ ಕಲ್ಪಿತ ಪ್ರಕರಣದ ಕಡತ ಓದಿ ವಾರಂಟ್ ತುಂಬುತ್ತದೆ, ಇನ್ನೊಂದು ದೇಶದವರ ತಂಡ ಅದನ್ನು ಪಡೆದು ಕಳುಹಿಸಬೇಕೋ ಬೇಡವೋ ನಿರ್ಧರಿಸುತ್ತದೆ. ತುಂಬುವವರು ಹೊಸಬರಾದರೆ ಎಡವುವ ಜಾಗ ಐದನೆಯ ಭಾಗ. ತಮ್ಮ ದೇಶದ ದಂಡಸಂಹಿತೆಯ ಕಲಮುಗಳನ್ನು ಸಾಲಾಗಿ ಬರೆದು, ಆ ಮನುಷ್ಯ ನಿಜಕ್ಕೂ ಮಾಡಿದ್ದೇನು ಎಂಬುದನ್ನೇ ಬಿಟ್ಟುಬಿಡುತ್ತಾರೆ. ತಮಗೆ ಬಾಯಿಪಾಠವಾದ ಕಲಮಿನ ಸಂಖ್ಯೆ ಆಚೆಯವರಿಗೆ ಬರಿ ಸಂಖ್ಯೆ ಎಂದು ಹೊಳೆಯಲು ಎದುರು ಒಬ್ಬರು ಕೂತು ಪ್ರಶ್ನೆ ಹಾಕಬೇಕು.

ಇದು ಎಳೆಯರ ಎಡವಟ್ಟು ಎಂದು ನಗುವ ಹಾಗಿಲ್ಲ. 2018ರಲ್ಲಿ ಕ್ಯಾಟಲೋನಿಯಾದ ನಾಯಕರನ್ನು ಒಪ್ಪಿಸಿರೆಂದು ಸ್ಪೇನಿನ ಸರ್ವೋಚ್ಚ ನ್ಯಾಯಾಲಯವೇ ವಾರಂಟ್ ಕಳುಹಿಸಿತು. ಬ್ರಸೆಲ್ಸ್‌ನ ಕೋರ್ಟು ಮೇ ತಿಂಗಳಲ್ಲಿ ಮೂವರ ವಿಷಯದಲ್ಲಿ ಅದನ್ನು ತಳ್ಳಿಹಾಕಿತು. ಕಾರಣ ರಾಜಕೀಯವಲ್ಲ; ಆ ವಾರಂಟಿಗೆ ಆಧಾರವಾಗಬೇಕಿದ್ದ, ಅದಕ್ಕೆ ಹೊಂದುವ ದೇಶೀಯ ಬಂಧನ ಆದೇಶ ಇಲ್ಲ ಎಂಬುದು, ಅಂದರೆ ಫಾರಮಿನ ಎರಡನೆಯ ಭಾಗ. ಜರ್ಮನಿಯ ಶ್ಲೆಸ್ವಿಗ್ ಹೋಲ್‌ಸ್ಟೈನಿನ ಮೇಲಿನ ಕೋರ್ಟು ಜುಲೈನಲ್ಲಿ ಅದೇ ನಾಯಕರಲ್ಲೊಬ್ಬರಾದ ಕಾರ್ಲೆಸ್ ಪುಜ್‌ದೆಮೊಂಟ್ ಅವರನ್ನು ಹಣ ದುರ್ಬಳಕೆಯ ಆರೋಪಕ್ಕಾದರೆ ಕಳುಹಿಸಬಹುದು, ದಂಗೆಯ ಆರೋಪಕ್ಕಲ್ಲ ಎಂದಿತು. ದಂಗೆ ಆ 32ರ ಪಟ್ಟಿಯಲ್ಲಿಲ್ಲ. ಹಾಗಾಗಿ ಜರ್ಮನ್ ಕಾನೂನಿನಡಿ ಅದು ಅಪರಾಧವೇ ಎಂದು ಕೇಳುವ ಹಕ್ಕು ಕೋರ್ಟಿಗೆ ಉಳಿದಿತ್ತು. ಸ್ಪೇನ್ ಕೊನೆಗೆ ವಾರಂಟನ್ನೇ ಹಿಂತೆಗೆದುಕೊಂಡಿತು. ಒಂದು ಖಾಲಿ ಚೌಕದಲ್ಲಿ ಗುರುತು ಹಾಕಲಾಗದೆ ಇಡೀ ಪ್ರಕರಣ ನಿಂತುಹೋದದ್ದನ್ನು ತರಬೇತಿಯಲ್ಲಿ ಕಲಿಸಿದರೆ ಮರೆಯುವವರಾರು?

ಸಹಿಯ ಜಾಗದಲ್ಲೂ ಪೆಟ್ಟು ಬಿದ್ದಿದೆ. 2019ರ ಮೇ 27ರಂದು ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯ, ಜರ್ಮನಿಯ ಪ್ರಾಸಿಕ್ಯೂಟರುಗಳು ಈ ವಾರಂಟಿಗೆ ಸಹಿ ಹಾಕುವಂತಿಲ್ಲ ಎಂದಿತು. ಕಾನೂನು ಮಂತ್ರಿ ಅವರಿಗೆ ಒಂದೊಂದು ಪ್ರಕರಣದಲ್ಲೂ ಸೂಚನೆ ಕೊಡಬಹುದಾದ್ದರಿಂದ ಅವರು ಸ್ವತಂತ್ರರಲ್ಲ ಎಂಬುದು ಕಾರಣ. ಅಂಥ ಸೂಚನೆ ನಿಜಕ್ಕೂ ಬಂದಿತ್ತೇ ಎಂಬುದು ಮುಖ್ಯವಾಗಲಿಲ್ಲ, ಬರಬಹುದು ಎಂಬುದೇ ಸಾಕಾಯಿತು. ನ್ಯಾಯದ ಶಿಸ್ತಿಗೆ ಹೆಸರಾದ ಜರ್ಮನಿ ತನ್ನ ಹಳೆಯ ವಾರಂಟುಗಳನ್ನೆಲ್ಲ ನ್ಯಾಯಾಧೀಶರಿಂದ ಹೊಸದಾಗಿ ಹೊರಡಿಸಬೇಕಾಯಿತು. ಬೇರೆಯವರನ್ನು ಎಷ್ಟು ನಂಬಬಹುದು ಎಂದು ಲೆಕ್ಕ ಹಾಕುತ್ತಿದ್ದವರಿಗೆ ತಮ್ಮನ್ನು ಬೇರೆಯವರು ಎಷ್ಟು ನಂಬಬಹುದು ಎಂಬ ಲೆಕ್ಕ ಬಂದದ್ದು ಹೀಗೆ.

ಈಗ ಬ್ರೆಮೆನ್. ನಾನು ಆರಂಭದಲ್ಲಿ ಆ ಊರನ್ನೇ ಹೇಳಿದ್ದು ಸುಮ್ಮನಲ್ಲ. ಹಂಗೇರಿಗೆ ಬೇಕಾದ ಅರನ್ಯೋಷಿ, ರೊಮೇನಿಯಾಕ್ಕೆ ಬೇಕಾದ ಕಲ್ದರಾರು, ಇಬ್ಬರೂ ಬ್ರೆಮೆನ್‌ನ ಮೇಲಿನ ಕೋರ್ಟಿನ ಮುಂದೆ ಬಂದರು. ವಾರಂಟುಗಳಲ್ಲಿ ತಪ್ಪಿರಲಿಲ್ಲ. ಆದರೆ ಆ ದೇಶಗಳ ಜೈಲುಗಳು ಕಿಕ್ಕಿರಿದು ತುಂಬಿವೆ, ಕೈದಿಗಳನ್ನು ಅಮಾನವೀಯವಾಗಿ ಇರಿಸಲಾಗಿದೆ ಎಂದು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯ ಆಗಲೇ ತೀರ್ಪು ಕೊಟ್ಟಿತ್ತು. ನಂಬು ಎನ್ನುವ ಕಾನೂನು ಒಂದು ಕಡೆ, ಕಣ್ಣೆದುರಿನ ತೀರ್ಪುಗಳು ಇನ್ನೊಂದು ಕಡೆ. ಬ್ರೆಮೆನ್‌ನವರು ಲಕ್ಸೆಂಬರ್ಗನ್ನು ಕೇಳಿದರು. 2016ರ ಏಪ್ರಿಲ್ 5ರಂದು ಬಂದ ಉತ್ತರದಲ್ಲಿ ಎರಡು ಹಂತಗಳಿದ್ದವು: ಮೊದಲು ಆ ದೇಶದ ಜೈಲು ವ್ಯವಸ್ಥೆಯಲ್ಲಿ ಗಂಭೀರ ಲೋಪ ಇದೆಯೇ ನೋಡಿ, ಇದ್ದರೆ, ನಿಮ್ಮ ಮುಂದಿರುವ ಈ ಮನುಷ್ಯನಿಗೆ ನಿಜವಾದ ಅಪಾಯವಿದೆಯೇ ಎಂದು ಆ ದೇಶವನ್ನೇ ಕೇಳಿ ತಿಳಿಯಿರಿ. ಸಮಾಧಾನಕರ ಉತ್ತರ ಬಾರದಿದ್ದರೆ ಕಳುಹಿಸುವುದನ್ನು ತಡೆಹಿಡಿಯಿರಿ.

ಕೇಳಿ ಎಂದದ್ದು ಸರಿ, ಏನನ್ನು ಕೇಳುವುದು? ಅದೇ ವರ್ಷದ ಅಕ್ಟೋಬರ್‌ನಲ್ಲಿ ಕ್ರೊಯೇಷಿಯಾ ವಿರುದ್ಧದ ಮುರ್ಶಿಚ್ ಪ್ರಕರಣದಲ್ಲಿ ಸ್ಟ್ರಾಸ್‌ಬರ್ಗ್ ಒಂದು ಅಳತೆ ಕೊಟ್ಟಿತು. ಹಲವರನ್ನು ಒಟ್ಟಿಗೆ ಇರಿಸಿದ ಸೆಲ್ಲಿನಲ್ಲಿ ತಲೆಗೆ ಮೂರು ಚದರ ಮೀಟರಿಗಿಂತ ಕಡಿಮೆ ಜಾಗವಿದ್ದರೆ ಅಮಾನವೀಯ ಎಂಬ ಬಲವಾದ ಅನುಮಾನ ಹುಟ್ಟುತ್ತದೆ. ಶೌಚದ ಜಾಗ ಆ ಲೆಕ್ಕಕ್ಕೆ ಸೇರದು, ಮಂಚ ಮೇಜುಗಳು ಸೇರುತ್ತವೆ. ಆದರೆ ಮನುಷ್ಯ ಸಹಜವಾಗಿ ಓಡಾಡಲು ಆಗಬೇಕು. ಈಗ ಕಿರಿಯ ನ್ಯಾಯಾಧೀಶರು ಇನ್ನೊಂದು ದೇಶಕ್ಕೆ ಬರೆಯುವ ಪತ್ರ ಹೇಗಿರುತ್ತದೆ ನೋಡಿ. ಇವನನ್ನು ಯಾವ ಜೈಲಿನಲ್ಲಿ ಇಡುತ್ತೀರಿ? ಸೆಲ್ಲಿನ ಉದ್ದಗಲವೆಷ್ಟು, ಎಷ್ಟು ಜನರಿರುತ್ತಾರೆ, ಶೌಚಾಲಯಕ್ಕೆ ಗೋಡೆ ಉಂಟೆ, ದಿನಕ್ಕೆ ಎಷ್ಟು ಗಂಟೆ ಹೊರಗೆ ಬಿಡುತ್ತೀರಿ, ಬೇರೆ ಜೈಲಿಗೆ ವರ್ಗ ಮಾಡಿದರೆ ಇದೇ ಭರವಸೆ ಅಲ್ಲಿಗೂ ಅನ್ವಯಿಸುತ್ತದೆಯೆ? ಬರಿ ‘ನಿಮ್ಮ ಜೈಲುಗಳು ಚೆನ್ನಾಗಿವೆಯೆ’ ಎಂದು ಕೇಳಿದರೆ ‘ಚೆನ್ನಾಗಿವೆ’ ಎಂದೇ ಉತ್ತರ ಬರುತ್ತದೆ. ಜೈಲಿನೊಳಗೆ ಕೆಲಸ ಮಾಡಿದವರು ಬರೆಯುವ ಪತ್ರಕ್ಕೂ ಪುಸ್ತಕ ಮಾತ್ರ ಓದಿದವರು ಬರೆಯುವ ಪತ್ರಕ್ಕೂ ಇರುವ ಅಂತರ ಇಲ್ಲಿ ಹೊರಬೀಳುತ್ತದೆ.

ಜೈಲನ್ನಾದರೂ ಅಳೆಯಬಹುದು. ಐರ್ಲೆಂಡಿನ ಹೈಕೋರ್ಟಿನ ನ್ಯಾಯಮೂರ್ತಿ ಐಲೀನ್ ಡಾನೆಲಿ ಅವರ ಮುಂದೆ ಬಂದದ್ದು ಅಳತೆಗೆ ಸಿಗದ ಪ್ರಶ್ನೆ. ಆರೋಪಿಯನ್ನು ಕೇಳುತ್ತಿದ್ದುದು ಪೋಲೆಂಡ್. ಅಲ್ಲಿನ ಆಗಿನ ಸರ್ಕಾರ ನ್ಯಾಯಾಧೀಶರ ನೇಮಕ, ಶಿಸ್ತುಕ್ರಮಗಳನ್ನೆಲ್ಲ ತನ್ನ ಹಿಡಿತಕ್ಕೆ ತಂದುಕೊಳ್ಳುತ್ತಿತ್ತು. ಅಂಥ ಕೋರ್ಟಿಗೆ ಆರೋಪಿಯನ್ನು ಒಪ್ಪಿಸಬಹುದೆ? 2018ರ ಜುಲೈ 25ರಂದು ಲಕ್ಸೆಂಬರ್ಗ್ ಮತ್ತೆ ಅದೇ ಎರಡು ಹಂತಗಳ ಪರೀಕ್ಷೆಯನ್ನೇ ಮುಂದಿಟ್ಟಿತು. ನನ್ನ ಮಟ್ಟಿಗೆ ಇದು ಕೈತೊಳೆದುಕೊಳ್ಳುವ ಉತ್ತರ. ನಿಮ್ಮ ಪೀಠ ಸ್ವತಂತ್ರವೇ ಎಂದು ವಾರ್ಸಾದ ನ್ಯಾಯಾಧೀಶರಿಗೆ ಪತ್ರ ಬರೆದು ಕೇಳಿದರೆ ಸ್ವತಂತ್ರರಲ್ಲದವರು ಏನು ಬರೆಯುತ್ತಾರೆ, ಸ್ವತಂತ್ರರಾಗಿದ್ದವರು ಆ ಪ್ರಶ್ನೆಯನ್ನು ಹೇಗೆ ತೆಗೆದುಕೊಳ್ಳುತ್ತಾರೆ? ಕೊನೆಗೆ ಐರ್ಲೆಂಡ್ ಆ ಮನುಷ್ಯನನ್ನು ಒಪ್ಪಿಸಲು ಆದೇಶಿಸಿತು. ಆದರೆ ಒಂದನ್ನು ಮರೆಯಬಾರದು. ಆ ವರ್ಷಗಳಲ್ಲಿ ಪೋಲೆಂಡಿನ ನ್ಯಾಯಾಧೀಶರ ಪರವಾಗಿ ಬೇರೆ ದೇಶಗಳ ನ್ಯಾಯಾಧೀಶರು ನಿಲುವಂಗಿ ತೊಟ್ಟು ವಾರ್ಸಾದ ಬೀದಿಗಿಳಿದರು. 2020ರ ಜನವರಿಯ ಆ ಮೆರವಣಿಗೆಯಲ್ಲಿ ಹಲವು ದೇಶಗಳವರಿದ್ದರು. ವಿನಿಮಯ ಕಾರ್ಯಕ್ರಮದ ಗುರಿಪಟ್ಟಿಯಲ್ಲಿ ಇಂಥದ್ದನ್ನು ಯಾರೂ ಬರೆಯುವುದಿಲ್ಲ. ಒಬ್ಬರ ಕೋರ್ಟಿನಲ್ಲಿ ಇನ್ನೊಬ್ಬರು ಕೂತು ಬರುವ ರೂಢಿಯಿಲ್ಲದೆ ಅಷ್ಟು ಸಲೀಸಾಗಿ ಅದು ನಡೆಯುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಪೊಲೀಸರ ಕಡೆಗೆ ಬರುತ್ತೇನೆ. ಟಾಂಪೆರೆಯಲ್ಲಿ ಮಾತಾದ ಪೊಲೀಸ್ ಕಾಲೇಜು ಮೊದಲು ಇಂಗ್ಲೆಂಡಿನ ಬ್ರಾಮ್‌ಷಿಲ್‌ನಲ್ಲಿ ನೆಲೆಸಿತ್ತು. ಬ್ರಿಟಿಷ್ ಸರ್ಕಾರ ಆ ಬಂಗಲೆಯನ್ನು ಮಾರಲು ಹೊರಟಾಗ 2014ರಲ್ಲಿ ಅದು ಬುಡಾಪೆಸ್ಟಿಗೆ ಗಂಟುಮೂಟೆ ಕಟ್ಟಿತು. 2016ರಿಂದ ಅದು ಹಿರಿಯರಿಗಷ್ಟೇ ಅಲ್ಲ, ಎಲ್ಲ ದರ್ಜೆಯ ಕಾನೂನು ಪಾಲನಾ ಅಧಿಕಾರಿಗಳಿಗೂ ತೆರೆದ ಸಂಸ್ಥೆ. ಹೆಸರಿನ ಹ್ರಸ್ವರೂಪ ಮಾತ್ರ ಹಳೆಯದೇ: ಸೆಪಾಲ್. ಕಾನೂನಿನ ಆಳ್ವಿಕೆಗೆ ಧಕ್ಕೆ ತರುತ್ತಿದೆ ಎಂದು 2018ರ ಸೆಪ್ಟೆಂಬರ್‌ನಲ್ಲಿ ಐರೋಪ್ಯ ಸಂಸತ್ತು ಕ್ರಮಕ್ಕೆ ಮುಂದಾದದ್ದು ಯಾವ ದೇಶದ ಮೇಲೋ ಅದೇ ದೇಶದ ರಾಜಧಾನಿಯಲ್ಲಿ ಯುರೋಪಿನ ಪೊಲೀಸರು ಮೂಲಭೂತ ಹಕ್ಕುಗಳ ಪಾಠ ಕೇಳುತ್ತಾರೆ. ಇದು ಸಂಸ್ಥೆಯ ತಪ್ಪೇನಲ್ಲ.

ಪೊಲೀಸರ ತರಬೇತಿ ನ್ಯಾಯಾಧೀಶರದ್ದಕ್ಕಿಂತ ಚುರುಕು, ಕೈಕೆಲಸಕ್ಕೆ ಹತ್ತಿರ. ಫಲವೂ ಕಣ್ಣಿಗೆ ಕಾಣುತ್ತದೆ. ಎನ್‌ಕ್ರೊಚಾಟ್ ಎಂಬ ಗೂಢಲಿಪಿಯ ಫೋನುಗಳನ್ನು ಜಗತ್ತಿನಾದ್ಯಂತ ಸುಮಾರು 60,000 ಜನ ಬಳಸುತ್ತಿದ್ದರು. ಅದರ ಸರ್ವರ್ ಫ್ರಾನ್ಸಿನ ರೂಬೇ ಪಟ್ಟಣದಲ್ಲಿತ್ತು. 2020ರಲ್ಲಿ ಫ್ರಾನ್ಸ್ ಮತ್ತು ನೆದರ್ಲೆಂಡ್ಸ್ ಜಂಟಿ ತನಿಖಾ ತಂಡ ರಚಿಸಿ ಅದರೊಳಗೆ ನುಗ್ಗಿದವು. ಸಂದೇಶಗಳು ಒಕ್ಕೂಟದ ಪೊಲೀಸ್ ಸಂಸ್ಥೆಯಾದ ಯೂರೋಪೋಲ್ ಮೂಲಕ ದೇಶದೇಶಗಳಿಗೆ ಹಂಚಿಹೋದವು. 2023ರ ಜೂನ್ ಹೊತ್ತಿಗೆ 6,558 ಜನರ ಬಂಧನವಾಗಿತ್ತೆಂದು ಯೂರೋಪೋಲ್ ಹೇಳಿತು. ಒಬ್ಬರನ್ನೊಬ್ಬರು ಬಲ್ಲ ತನಿಖಾಧಿಕಾರಿಗಳು ಏನು ಮಾಡಬಲ್ಲರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಆದರೆ ಆ ಸಾವಿರಾರು ಜನರ ಪರ ನಿಂತ ವಕೀಲರ ಪಾಡು? ಸಂದೇಶಗಳನ್ನು ಹೇಗೆ ಹಿಡಿದಿರಿ ಎಂದು ಕೇಳಿದರೆ ಫ್ರಾನ್ಸ್ ಅದು ರಾಷ್ಟ್ರೀಯ ರಕ್ಷಣೆಯ ಗುಟ್ಟು ಎಂದಿತು. ಬರ್ಲಿನ್ನಿನ ಕೋರ್ಟೊಂದು ಈ ಪ್ರಶ್ನೆಯನ್ನು ಲಕ್ಸೆಂಬರ್ಗಿಗೆ ಒಯ್ದಿತು. 2024ರ ಏಪ್ರಿಲ್ 30ರ ತೀರ್ಪು ಪೊಲೀಸರಿಗೆ ಬಹುಮಟ್ಟಿಗೆ ಅನುಕೂಲವಾಗಿಯೇ ಬಂತು. ಒಂದು ಷರತ್ತನ್ನು ಮಾತ್ರ ಹಾಕಿತು. ಪ್ರಕರಣದ ತೀರ್ಮಾನಕ್ಕೆ ನಿರ್ಣಾಯಕವಾಗುವ ಸಾಕ್ಷ್ಯದ ಬಗ್ಗೆ ಆರೋಪಿ ಪರಿಣಾಮಕಾರಿಯಾಗಿ ವಾದಿಸಲು ಆಗದಿದ್ದರೆ ಆ ಸಾಕ್ಷ್ಯವನ್ನು ಬದಿಗಿಡಬೇಕು. ಪರಿಣಾಮಕಾರಿಯಾಗಿ ವಾದಿಸಲು ಮೊದಲು ಅದನ್ನು ಕಲಿತ ವಕೀಲರು ಬೇಕಲ್ಲ! ನನ್ನ ದೊಡ್ಡ ತಕರಾರು ಇಲ್ಲೇ ಇರುವುದು. ನ್ಯಾಯಾಧೀಶರಿಗೂ ಪ್ರಾಸಿಕ್ಯೂಟರುಗಳಿಗೂ ಬ್ರಸೆಲ್ಸ್‌ನ ಜಾಲವಿದೆ, ಪೊಲೀಸರಿಗೆ ಬುಡಾಪೆಸ್ಟ್ ಇದೆ. ಪ್ರಯಾಣದ ಖರ್ಚು, ವಸತಿ, ರಜೆ ಎಲ್ಲ ಸರ್ಕಾರದ್ದು. ಜರ್ಮನಿಯ ಟ್ರಿಯರ್‌ನಲ್ಲಿ 1992ರಿಂದ ಇರುವ ಐರೋಪ್ಯ ಕಾನೂನು ಅಕಾಡೆಮಿ ವಕೀಲರನ್ನೂ ಬರಮಾಡಿಕೊಂಡು ಒಳ್ಳೆಯ ಕೋರ್ಸು ನಡೆಸುತ್ತದೆ, ನಿಜ. ಆದರೆ ಕಾನೂನು ನೆರವಿನ ಪುಡಿಗಾಸಿನ ಮೇಲೆ ಬದುಕುವ ಕಿರಿಯ ವಕೀಲರು ಮೂರು ದಿನ ಕಚೇರಿ ಮುಚ್ಚಿ ರೈಲು ಹತ್ತುವುದು ಅಷ್ಟು ಸುಲಭವಲ್ಲ.

ಇದನ್ನು ಆಯೋಗವೂ ಅರಿಯದ್ದೇನಲ್ಲ. 2011ರಲ್ಲಿ ಅದು 2020ರೊಳಗೆ ಒಕ್ಕೂಟದ ಕಾನೂನು ವೃತ್ತಿಯವರಲ್ಲಿ ಅರ್ಧದಷ್ಟು ಜನ ಐರೋಪ್ಯ ಕಾನೂನಿನ ತರಬೇತಿ ಪಡೆದಿರಬೇಕೆಂದು ಗುರಿಯಿಟ್ಟಿತು; ಗಡುವಿಗೆ ಮೊದಲೇ ಮುಟ್ಟಿತು. 2020ರ ಕೊನೆಗೆ ಹೊಸ ಗುರಿ ಹಾಕುವಾಗ ವರ್ಷಕ್ಕೆ ನ್ಯಾಯಾಧೀಶರು ಮತ್ತು ಪ್ರಾಸಿಕ್ಯೂಟರುಗಳಲ್ಲಿ ಶೇ. 65 ಎಂದಿತು, ವಕೀಲರಲ್ಲಿ ಶೇ. 15. ಗುರಿಯಲ್ಲೇ ಇಷ್ಟು ಅಂತರ. ತಲೆ ಎಣಿಸುವ ಲೆಕ್ಕ ಬೇರೆ. ಅರ್ಧ ದಿನ ಕೂತು ಎದ್ದವರೂ ವಾರಗಟ್ಟಲೆ ಕಲಿತವರೂ ಅದರಲ್ಲಿ ಒಂದೊಂದೇ ತಲೆ.

ನೀತಿ ಬರೆಯುವ ಕಿರಿಯರ ಬಗ್ಗೆ ಹೆಚ್ಚು ಹೇಳುವುದಿಲ್ಲ. 1949ರಲ್ಲಿ ಬ್ರೂಜ್‌ನಲ್ಲಿ ಹುಟ್ಟಿದ ಯುರೋಪ್ ಕಾಲೇಜಿನಲ್ಲಿ ಓದಿ, ಆಯೋಗದಲ್ಲಿ ಐದು ತಿಂಗಳ ತರಬೇತಿ ಮುಗಿಸಿ, ಬ್ರಸೆಲ್ಸ್‌ನ ಕಚೇರಿಗಳಲ್ಲಿ ಕರಡು ತಿದ್ದುವವರು ಬುದ್ಧಿವಂತರು, ನಾಲ್ಕು ಭಾಷೆ ಬಲ್ಲವರು. ಡಿಜಿಟಲ್ ಸಾಕ್ಷ್ಯವನ್ನು ಒಂದು ದೇಶದ ಅಧಿಕಾರಿ ಇನ್ನೊಂದು ದೇಶದಲ್ಲಿರುವ ಕಂಪನಿಯಿಂದಲೇ ನೇರವಾಗಿ ಕೇಳುವ 2023ರ ನಿಯಮದಂಥದ್ದು ಇಂಥವರ ಮೇಜುಗಳಿಂದಲೇ ಬರುತ್ತದೆ. ಅವರನ್ನು ವರ್ಷಕ್ಕೊಂದು ವಾರ ಟ್ರೆವಿಯ ಉತ್ತರಾಧಿಕಾರಿಗಳ ಸಭಾಂಗಣದಿಂದ ಎಬ್ಬಿಸಿ, ಒಂದು ವಾರಂಟ್ ವಿಚಾರಣೆ ನಡೆಯುವ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂರಿಸಿದರೆ ಕರಡುಗಳ ಭಾಷೆ ಸ್ವಲ್ಪ ಬದಲಾದೀತು.

ವಕೀಲರ ವಿಷಯದಲ್ಲಿ ಮಾಡಬೇಕಾದ್ದು ಕಾನೂನಿನಲ್ಲಿ ಆಗಲೇ ಇದೆ. 2013ರ ನಿರ್ದೇಶನವೊಂದರ ಹತ್ತನೆಯ ವಿಧಿಯ ಪ್ರಕಾರ ಐರೋಪ್ಯ ವಾರಂಟಿನಲ್ಲಿ ಸೆರೆಯಾದವನಿಗೆ ಇಬ್ಬರು ವಕೀಲರ ಹಕ್ಕಿದೆ: ಹಿಡಿದ ದೇಶದಲ್ಲಿ ಒಬ್ಬರು, ವಾರಂಟ್ ಕಳುಹಿಸಿದ ದೇಶದಲ್ಲಿ ಒಬ್ಬರು. ಎರಡನೆಯವರು ಮೂಲ ಕಡತ ನೋಡಿ ಮೊದಲನೆಯವರಿಗೆ ಮಾಹಿತಿ ಕೊಡಬೇಕು. 2016ರ ಇನ್ನೊಂದು ನಿರ್ದೇಶನ ಇದಕ್ಕೆ ಕಾನೂನು ನೆರವನ್ನೂ ಜೋಡಿಸಿತು. ಆದರೆ ಅರವತ್ತು ದಿನದ ಗಡುವು ಓಡುತ್ತಿರುವಾಗ ಬ್ರೆಮೆನ್‌ನ ಕಿರಿಯ ವಕೀಲೆಯೊಬ್ಬರು ರೊಮೇನಿಯಾದ ಯಾವುದೋ ಜಿಲ್ಲೆಯಲ್ಲಿ ಇನ್ನೊಬ್ಬರನ್ನು ಹುಡುಕುವುದು ಹೇಗೆ? ಪ್ರಾಸಿಕ್ಯೂಟರುಗಳಾದರೆ 1998ರಿಂದ ಇರುವ ಐರೋಪ್ಯ ನ್ಯಾಯಾಂಗ ಜಾಲದ ತಾಣದಲ್ಲಿ ಊರು ಒತ್ತಿದರೆ ಸಾಕು, ಆಚೆಯ ಅಧಿಕಾರಿಯ ಫೋನ್ ನಂಬರ್ ಸಿಗುತ್ತದೆ. ವಾರಂಟಿನ ಆಟ ಆಡಿಸುವ ಶಿಬಿರಗಳಲ್ಲಿ ಮೂರನೆಯ ತಂಡವಾಗಿ ಎರಡೂ ದೇಶಗಳ ಆರೋಪಿ ಪರ ವಕೀಲರನ್ನು ಕೂರಿಸಬೇಕೆಂದು ನಾನು ಹೇಳುವುದು ದಯೆಯಿಂದಲ್ಲ. ಫಾರಮಿನ ತಪ್ಪನ್ನು ಮೊದಲು ಹಿಡಿಯುವವರು ಅವರು. ಅರನ್ಯೋಷಿ ಪ್ರಕರಣದಲ್ಲಿ ಜೈಲಿನ ಪ್ರಶ್ನೆಗೆ ಆರೋಪಿಯ ಕಡೆಯೂ ದನಿ ಕೊಟ್ಟಿತ್ತು.

ಇದೆಲ್ಲ ನಮಗೇಕೆ ಎಂದು ಹಿಂದಿನ ಸಾಲಿನಲ್ಲಿ ಕೂತವರು ಕೇಳಬಹುದು. 2024ರಲ್ಲಿ ಹಾಸನದ ಆಗಿನ ಸಂಸದರು ಜರ್ಮನಿಗೆ ಹೋದಾಗ ಬ್ಲೂ ಕಾರ್ನರ್ ನೋಟಿಸ್ ಎಂಬ ಮಾತು ನಮ್ಮ ಹೋಟೆಲು ಕಟ್ಟೆಗಳಲ್ಲೂ ಓಡಾಡಿತು. ಅದು ವ್ಯಕ್ತಿ ಎಲ್ಲಿದ್ದಾನೆಂದು ತಿಳಿಸಿ ಎನ್ನುವ ಕೋರಿಕೆ ಮಾತ್ರ, ಹಿಡಿದುಕೊಡಿ ಎನ್ನುವ ಆದೇಶವಲ್ಲ. ಅವರು ತಾವಾಗಿ ಮೇ 31ರಂದು ಬೆಂಗಳೂರಿಗೆ ಬಂದಿಳಿದದ್ದರಿಂದ ಮುಂದಿನ ಪ್ರಶ್ನೆ ಏಳಲಿಲ್ಲ. ಎದ್ದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಡೆನ್ಮಾರ್ಕ್ ನೋಡಬೇಕು. 1995ರ ಡಿಸೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ವಿಮಾನದಿಂದ ಶಸ್ತ್ರಾಸ್ತ್ರ ಉದುರಿಸಿದ ಪ್ರಕರಣದಲ್ಲಿ ಭಾರತಕ್ಕೆ ಬೇಕಾದ ಕಿಮ್ ಡೇವಿಯನ್ನು ಒಪ್ಪಿಸಲು ಡೆನ್ಮಾರ್ಕಿನ ಸರ್ಕಾರ ತಯಾರಿತ್ತು. ಕೋರ್ಟು ಬಿಡಲಿಲ್ಲ. ಭಾರತದಲ್ಲಿ ಚಿತ್ರಹಿಂಸೆಯ ಅಪಾಯವಿದೆ ಎಂದು 2011ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. 2024ರ ಆಗಸ್ಟ್‌ನಲ್ಲಿ ಇನ್ನೊಂದು ಕೋರ್ಟು ಮತ್ತೆ ಅದನ್ನೇ ಹೇಳಿತು.

ಇನ್ನೊಂದು ಪ್ರಕರಣ ಬೇರೆ ದಾರಿ ಹಿಡಿಯಿತು. ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣದ ಆರೋಪಿ ಮೆಹುಲ್ ಚೋಕ್ಸಿ 2025ರ ಏಪ್ರಿಲ್‌ನಲ್ಲಿ ಬೆಲ್ಜಿಯಂನಲ್ಲಿ ಸೆರೆಯಾದಾಗ ಭಾರತದ ಗೃಹ ಸಚಿವಾಲಯ ಅಲ್ಲಿಗೆ ಒಂದು ಭರವಸೆ ಪತ್ರ ಕಳುಹಿಸಿತು. ಮುಂಬೈನ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್ಕಿನಲ್ಲಿ ಇಡುತ್ತೇವೆ, ಪೀಠೋಪಕರಣ ಬಿಟ್ಟು ತಲೆಗೆ ಕನಿಷ್ಠ ಮೂರು ಚದರ ಮೀಟರ್ ಜಾಗ ಕೊಡುತ್ತೇವೆ ಎಂದಿತ್ತು ಅದರಲ್ಲಿ. ಸ್ಟ್ರಾಸ್‌ಬರ್ಗಿನ ಅಳತೆಗೋಲು ಮುಂಬೈ ಜೈಲಿನ ನೆಲದ ಮೇಲೆ ಬಿದ್ದದ್ದು ಹೀಗೆ. ಅಕ್ಟೋಬರ್‌ನಲ್ಲಿ ಆಂಟ್‌ವರ್ಪಿನ ಮೇಲ್ಮನವಿ ನ್ಯಾಯಾಲಯ ಹಸ್ತಾಂತರಕ್ಕೆ ಅಡ್ಡಿಯಿಲ್ಲವೆಂದಿತು.

ಆ ಪತ್ರ ಬರೆದವರಿಗೆ ಆಚೆಯ ನ್ಯಾಯಾಧೀಶರು ಏನು ಕೇಳುತ್ತಾರೆಂಬುದು ಗೊತ್ತಿತ್ತು. ನಾಳೆ ಯುರೋಪಿನ ಯಾವುದೋ ಕೋರ್ಟಿನಿಂದ ನಮ್ಮ ಪರಪ್ಪನ ಅಗ್ರಹಾರ ಜೈಲಿನ ಬಗ್ಗೆ ಇದೇ ಪ್ರಶ್ನಾವಳಿ ಬಂದರೆ, ಸೆಲ್ಲಿನ ಉದ್ದಗಲ ಅಳೆದು, ಒಳಗಿರುವವರ ಸಂಖ್ಯೆ ಬರೆದು, ಅದಕ್ಕೆ ಸಹಿ ಹಾಕುವ ಕೆಲಸ ಇಲ್ಲಿ ಕೂತಿರುವ ಕಾನೂನು ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರ ಮೇಜಿಗೆ ಬರಬಹುದು. ಅದೇ ಜೈಲಿನ ಗೇಟಿನ ಹೊರಗೆ ನಿಂತು ಆ ಸಂಖ್ಯೆ ಸುಳ್ಳು ಎಂದು ವಾದಿಸುವ ಕೆಲಸ ನಿಮ್ಮ ಪಕ್ಕದವರಿಗೆ ಬರಬಹುದು. ನ್ಯಾಯಾಂಗ ಅಕಾಡೆಮಿ, ಪೊಲೀಸ್ ಅಕಾಡೆಮಿ, ವಕೀಲರ ಪರಿಷತ್ತು ಮೂರೂ ಈ ರಾಜ್ಯದಲ್ಲಿವೆ. ಒಂದು ಹಸ್ತಾಂತರದ ಕಡತವನ್ನು ನಡುವೆ ಇಟ್ಟುಕೊಂಡು ಮೂರೂ ಕಡೆಯ ಕಿರಿಯರು ಎರಡು ದಿನ ಕೂರಲು ಯಾರ ಅಪ್ಪಣೆಯೂ ಬೇಕಿಲ್ಲ. ಈ ಉಪನ್ಯಾಸ ನಡೆಸುವ ದತ್ತಿಯ ಮುಂದಿನ ವರ್ಷದ ಹಣವನ್ನು ಉಪನ್ಯಾಸದ ಬದಲು ಅದಕ್ಕೆ ಕೊಡುವುದಾದರೆ ನನ್ನ ಆಕ್ಷೇಪವಿಲ್ಲ.